ಬೊಂಬಾಯಿ ಮದುವೆಗೆ ಬಂದ ನಾಲ್ಕನೆಯವಳು

ಇದನ್ನು ಕಟ್ಟುಕಥೆ ಅಂದವರ ಹತ್ತಿರ ನಾನು ಮಾತು ಬಿಟ್ಟಿದ್ದೇನೆ. ಬೇಕಾದರೆ ನೀವೂ ಅನ್ನಿ, ನನಗೇನೂ ನಷ್ಟವಿಲ್ಲ. ಆದರೆ ಆ ರಾತ್ರಿ ಬೊಂಬಾಯಿಯ ಲೋಕಲ್ ಗಾಡಿಯಲ್ಲಿ ನಿಂತಿದ್ದವಳು ನಾನು, ನೀವಲ್ಲ.

ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ನನಗೆ ಹತ್ತೊಂಬತ್ತು. ದೊಡ್ಡಪ್ಪನ ಅಕ್ಕನ ಮಗ ಬೊಂಬಾಯಿಯ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ. ಅವನ ಮದುವೆ ಅಲ್ಲೇ. ಅಜ್ಜಂಪುರದಿಂದ ನಾಲ್ಕು ಜನ ಹೋಗುವುದೆಂದಾಗಿತ್ತು. ದೊಡ್ಡಪ್ಪ, ದೊಡ್ಡಮ್ಮ, ಅವರ ಮಗಳು ಗಿರಿಜ, ಮತ್ತೆ ನಾನು. ಗಿರಿಜಳಿಗೆ ಹನ್ನೊಂದು ವರ್ಷ. ಪೋಲಿಯೋ ಬಂದು ಎಡಗಾಲು ಸೋತಿತ್ತು, ಎಳೆದುಕೊಂಡು ನಡೆಯುತ್ತಿದ್ದಳು. ಸಮುದ್ರ ನೋಡಲು ಹೋಗುತ್ತೇನೆ ಅಂತ ತಿಂಗಳಿಂದ ಕೇರಿಗೆಲ್ಲ ಸಾರಿದ್ದಳು.

ಹೊರಡುವ ದಿನ ಬೆಳಿಗ್ಗೆ ದೊಡ್ಡಮ್ಮ ಮನಸ್ಸು ಬದಲಾಯಿಸಿದಳು.

"ಆ ಊರಾಗೆ ಓಡ್ಕೊಂಡು ಗಾಡಿ ಹತ್ಬೇಕಂತೆ. ಇವಳ್ನ ಎಳ್ಕೊಂಡು ಎಲ್ಲಿ ಓಡನ? ಅಜ್ಜಿ ಹತ್ರ ಇರ್ಲಿ ಬಿಡು."

ಹೊಸ ಲಂಗ ಉಟ್ಟು ಜಗಲಿಯ ಮೇಲೆ ಕೂತಿದ್ದ ಹುಡುಗಿ ಅಳಲಿಲ್ಲ. ನನ್ನ ಮುಖ ನೋಡಿದಳು... ನಾನು ಅವಳ ಪರವಾಗಿ ಒಂದು ಮಾತಾಡಬಹುದಿತ್ತು. ಆಡಲಿಲ್ಲ. ಅವಳು ಬರದಿದ್ದರೆ ನನಗೂ ಆರಾಮ ಅಂತಲೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ?

ಈಗ ಉಳಿದವರು ಮೂವರು. ನಮ್ಮ ಕಡೆ ಶುಭಕಾರ್ಯಕ್ಕೆ ಮೂರು ಜನ ಹೊರಡುವುದಿಲ್ಲ. ಹೊರಡಲೇಬೇಕಾದರೆ ಒಂದು ಕಲ್ಲನ್ನು ನಾಲ್ಕನೆಯವರೆಂದು ಜೊತೆಗೆ ಒಯ್ಯುತ್ತಾರೆ. ನಮ್ಮ ಮನೆಯಲ್ಲಿ ಇನ್ನೂ ಒಂದು ಕಟ್ಟುನಿಟ್ಟಿತ್ತು: ಹಾಗೆ ಹೋದ ಕಲ್ಲು ಮನೆಗೆ ವಾಪಸ್ ಬರಬೇಕು, ದಾರಿಯಲ್ಲಿ ಬಿಡಬಾರದು. ದೊಡ್ಡಮ್ಮ ಮಗಳನ್ನು ಸಮಾಧಾನ ಮಾಡಲು ಹೋಗಿ, ಅವಳ ಕೈಯಿಂದಲೇ ಅಂಗಳದ ಕಲ್ಲೊಂದನ್ನು ಎತ್ತಿಸಿದಳು.

"ಇದೇ ನೀನು ಅನ್ಕೊಳೇ. ನಿನ್ನ ಬದ್ಲು ಇದು ಸಮುದ್ರ ನೋಡ್ಕೊಂಡು ಬತ್ತೈತೆ."

ಮುಷ್ಟಿ ಗಾತ್ರದ ಆ ಕಲ್ಲನ್ನು ಗಿರಿಜ ಎದೆಗೆ ಒತ್ತಿಕೊಂಡು ತುಂಬ ಹೊತ್ತು ಕೂತಳು. ಆಮೇಲೆ ನನ್ನ ಕೈಗೆ ಕೊಟ್ಟಳು.

"ಜೋಪಾನ ಅಕ್ಕಾ. ಎಲ್ಲೂ ಬಿಟ್ಟು ಬರ್ಬೇಡ."

ಬೊಂಬಾಯಿ ಮುಟ್ಟಿದ ಮರುದಿನ, ಮದುವೆಗೆ ಇನ್ನೂ ಒಂದು ದಿನವಿತ್ತು. ಸಮುದ್ರ ನೋಡಿ ಬರೋಣ ಅಂತ ಮೂವರೂ ಹೊರಟೆವು. ಕಲ್ಲು ನನ್ನ ಬಟ್ಟೆಯ ಚೀಲದಲ್ಲಿತ್ತು. ಕೆಂಪು ಬಸ್ಸಿನ ಕಂಡಕ್ಟರ್ ದೊಡ್ಡಪ್ಪನಿಗೆ ನಾಲ್ಕು ಬೆರಳು ತೋರಿಸಿದ.

"ತೀನ್, ತೀನ್," ಅಂದರು ದೊಡ್ಡಪ್ಪ.

ಅವನು ನನ್ನ ಪಕ್ಕದ ಖಾಲಿ ಜಾಗಕ್ಕೆ ಬೆರಳು ಮಾಡಿ ರೇಗಿದ. ದೊಡ್ಡಪ್ಪ ಬೈದುಕೊಳ್ಳುತ್ತಲೇ ನಾಲ್ಕು ಟಿಕೆಟ್ ತಗೊಂಡರು. ಹಳ್ಳಿಯವರೆಂದು ಟೋಪಿ ಹಾಕಿದ ಅಂದುಕೊಂಡೆವು.

ಸಮುದ್ರ ನೋಡಿದ್ದಾಯಿತು. ಕತ್ತಲಾದ ಮೇಲೆ ಲೋಕಲ್ ಗಾಡಿ ಹತ್ತಿದೆವು. ದೊಡ್ಡಪ್ಪ ಗಂಡಸರ ಡಬ್ಬಿಗೆ ಹೋದರು, ನಾವಿಬ್ಬರು ಹೆಂಗಸರ ಡಬ್ಬಿಗೆ. ದೊಡ್ಡಮ್ಮ ಹೇಗೋ ಒಳಗೆ ನುಗ್ಗಿ ಸೀಟು ಹಿಡಿದು ಕೂತಲ್ಲೇ ತೂಕಡಿಸತೊಡಗಿದಳು. ನಾನು ಬಾಗಿಲ ಹತ್ತಿರ ನಿಂತೆ. ಬೆವರು, ಒಣಮೀನು, ಬಾಡಿದ ಮಲ್ಲಿಗೆ... ಎಲ್ಲ ಸೇರಿ ಮೂಗಿಗೆ ಹೊಡೆಯುತ್ತಿತ್ತು.

ಎದುರಿಗಿದ್ದ ಮುದುಕಿಯೊಬ್ಬಳು ಸರಿದು ಜಾಗ ಮಾಡಿದಳು. ನನಗಲ್ಲ. ನನ್ನ ಸೊಂಟದ ಎತ್ತರಕ್ಕೆ ನೋಡುತ್ತ, ಬಾ ಬಾ ಅಂತ ಬೆಂಚು ತಟ್ಟಿದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಯಾರದೋ ಕಾಲು ನೋಡಿ "ಅರೆರೆ..." ಅಂತ ಲೊಚಗುಟ್ಟಿದಳು.

ನನ್ನ ಪಕ್ಕ ಯಾರೂ ಇರಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ನನ್ನ ಸೆರಗನ್ನು ಯಾರೋ ಹಿಡಿದರು. ಮಕ್ಕಳು ಹಿಡಿಯುವ ಹಾಗೆ, ಸಣ್ಣ ಮುಷ್ಟಿಯಲ್ಲಿ. ಗಾಡಿ ಒಂದು ಸ್ಟೇಷನ್ನಿನಲ್ಲಿ ನಿಂತಿತ್ತು. ಚೀಲಕ್ಕೆ ಕೈ ಹಾಕಿದೆ. ಕಲ್ಲು ಬೆಚ್ಚಗಿತ್ತು... ಜ್ವರ ಬಂದವರ ಹಣೆಯ ಹಾಗೆ. ಹೆದರಿಕೆಗೋ ಸಿಟ್ಟಿಗೋ, ಅದನ್ನೆತ್ತಿ ಪ್ಲಾಟ್‌ಫಾರ್ಮಿನ ಮೇಲೆ ಒಗೆದುಬಿಟ್ಟೆ. ಸೆರಗು ಸಡಿಲವಾಯಿತು.

ಗಾಡಿ ಹೊರಟಿತು. ಅಷ್ಟೇ, ಇಡೀ ಡಬ್ಬಿಯ ಹೆಂಗಸರು ಕಿರುಚಿದರು. ಎಲ್ಲರ ಕೈಗಳೂ ಹೊರಗೆ ತೋರಿಸುತ್ತಿದ್ದವು. ಮುದುಕಿ ಎದ್ದು ಬಂದು ನನ್ನ ಕೆನ್ನೆಗೆ ರಪ್ಪನೆ ಬಾರಿಸಿದಳು. ಹೊರಗೆ, ಗಾಡಿಯ ಪಕ್ಕದಲ್ಲೇ ಒಂದು ಸದ್ದು ಓಡಿ ಬರುತ್ತಿತ್ತು. ಒಂದು ಕಾಲು ಊರಿದ್ದು, ಇನ್ನೊಂದು ಕಾಲು ಎಳೆದದ್ದು... ಊರಿದ್ದು, ಎಳೆದದ್ದು...

"ಅಕ್ಕಾ..."

ನಾನು ಹೊರಗೆ ನೋಡಲಿಲ್ಲ.

ದೊಡ್ಡಮ್ಮನಿಗೆ ಗಲಾಟೆಗೆ ಎಚ್ಚರವಾಯಿತು. "ಏನಂತೆ ಇವ್ರುದು?"

"ಜಾಗಕ್ಕೆ ಜಗಳ ದೊಡ್ಡಮ್ಮ," ಅಂದೆ.

ಮದುವೆ ಚೆನ್ನಾಗಿಯೇ ಆಯಿತು. ಹೋಳಿಗೆ ಬಡಿಸಿದ್ದರು. ನಾನು ಎಲೆಯಲ್ಲೇ ಬಿಟ್ಟು ಎದ್ದೆ.

ಅಜ್ಜಂಪುರದಲ್ಲಿ ಇಳಿದಾಗ, ಹಳಿಯ ಪಕ್ಕದ ಜಲ್ಲಿಯಲ್ಲಿ ಅದೇ ಗಾತ್ರದ ಕಲ್ಲೊಂದನ್ನು ಯಾರಿಗೂ ಕಾಣದಂತೆ ಎತ್ತಿಕೊಂಡೆ. ದೊಡ್ಡಮ್ಮ ಅದಕ್ಕೆ ವಿಭೂತಿ ಹಚ್ಚಿ ಮಗಳ ಮುಂದೆ ಇಟ್ಟಳು. "ನೋಡೇ, ನೀನೂ ಹೋಗಿ ಬಂದೆ."

ಗಿರಿಜ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಕಲ್ಲನ್ನು ನೋಡಿದಳು, ಮುಖ ತಿರುಗಿಸಿದಳು.

"ನಾಕು ದಿನದಿಂದ ಹಿಂಗೇ ಕಣವ್ವ," ಅಂದಳು ಅಜ್ಜಿ. "ಅವತ್ತು ದೀಪ ಹಚ್ಚಿದ ಮ್ಯಾಲೆ ಇದ್ದಕ್ಕಿದ್ದಂಗೆ ಚೀರ್ಕೊಂಡ್ಳು. ತುಳೀಬೇಡ್ರಿ, ತುಳೀಬೇಡ್ರಿ ಅಂತಾಳೆ. ಮನೇಲಿ ನಾನೊಬ್ಳೇ ಇದ್ದಿದ್ದು, ಯಾರು ತುಳೀತಾರೆ?"

ಮಠದ ಸ್ವಾಮಿಗಳ ಹತ್ತಿರ ಕರೆದೊಯ್ದರು, ತಾಯಿತ ಕಟ್ಟಿಸಿದರು, ಶಿವಮೊಗ್ಗದ ಡಾಕ್ಟರಿಗೆ ತೋರಿಸಿದರು. ದೊಡ್ಡಮ್ಮ ಅದೇ ಕೊರಗಿನಲ್ಲಿ ಸತ್ತಳು. ಕೊನೆಯವರೆಗೂ ಆ ಜಲ್ಲಿಕಲ್ಲಿಗೆ ದಿನಾ ಹೂವಿಟ್ಟಳು. ನಾನು ಬಾಯಿ ಬಿಡಲಿಲ್ಲ.

ಗಿರಿಜ ಈಗ ನನ್ನ ಜೊತೆಗೇ ಇದ್ದಾಳೆ. ತಲೆ ಅರ್ಧ ನೆರೆತಿದೆ. ಹಗಲು ಸುಮ್ಮನಿರುತ್ತಾಳೆ. ಕತ್ತಲಾಗುತ್ತಲೇ ಕಾಲುಗಳನ್ನು ಒಳಗೆಳೆದುಕೊಂಡು ಗೋಡೆಗೆ ಒತ್ತುತ್ತಾಳೆ. ಜನ ದಾಟಿ ಹೋಗುತ್ತಿರುವಂತೆ ಅವಳ ತಲೆ ಅತ್ತಿತ್ತ ಆಡುತ್ತದೆ. ಕೆಲವು ರಾತ್ರಿ ಅವಳ ಮೈಯಿಂದ ಒಣಮೀನಿನ ವಾಸನೆ ಬರುತ್ತದೆ. ನಮ್ಮದು ಮೀನು ಹೊಸಿಲು ದಾಟದ ಮನೆ.

ಬೇರೆಯವರ ಹತ್ತಿರ ಅವಳು ಮಾತಾಡುವುದಿಲ್ಲ. ನನ್ನೊಬ್ಬಳನ್ನೇ ಕೇಳುತ್ತಾಳೆ, ಹನ್ನೊಂದು ವರ್ಷದ ಹುಡುಗಿಯ ದನಿಯಲ್ಲಿ.

"ಬಂದು ಕರ್ಕೊಂಡು ಹೋಗ್ತೀಯಾ ಅಕ್ಕಾ? ಯಾವ ಸ್ಟೇಷನ್ನಾಗೆ ಬಿಟ್ಟೆ ಅಂತ ನೆನ್ಪೈತಾ?"

ಎರಡು ಸಲ ಬೊಂಬಾಯಿಗೆ ಹೋಗಿ ಬಂದೆ. ಆ ದಾರಿಯ ಒಂದೊಂದು ಸ್ಟೇಷನ್ನಿನಲ್ಲೂ ಇಳಿದೆ. ಎಲ್ಲ ಒಂದೇ ಥರ ಇವೆ. ಅವತ್ತು ನಾನು ಬೋರ್ಡ್ ನೋಡಿರಲೇ ಇಲ್ಲ.