ವಿಲ್ಲಿ ಆರಿಸಿದ ವಾಚು

ವಾಚು ಮಾಡಿಯೇ ಬದುಕುವ ನಮ್ಮ ಲೊಕ್ಲ್ ಎಂಬ ಬೆಟ್ಟದೂರಿನಲ್ಲಿ ವಾಚಿನ ಅಂಗಡಿ ಇಡುವುದೆಂದರೆ ಮೀನುಗಾರರ ಕೇರಿಯಲ್ಲಿ ಕೂತು ಮೀನು ಮಾರಿದ ಹಾಗೆ. ಒಳಗೆ ಬಂದವರೆಲ್ಲ ನನಗೇ ಪಾಠ ಹೇಳುವವರು. ಒಬ್ಬನ ಅಪ್ಪ ಮುಳ್ಳು ಕೂರಿಸುತ್ತಿದ್ದವನು, ಒಬ್ಬಳ ಅತ್ತೆ ಡಯಲಿಗೆ ಅಂಕಿ ಬರೆಯುತ್ತಿದ್ದವಳು. ಪರವೂರಿನ ಗಿರಾಕಿಯಾದರೆ ನೋಡಿದ, ಕೊಂಡ, ಹೋದ. ನಮ್ಮೂರಿನವನು ಬಂದರೆ ಗಾಜಿನ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಹೊರಗೆ ತೆಗೆಸಿ, ನನ್ನ ತಲೆ ತಿಂದು, ಕೊನೆಗೆ ಹಿಮ ಬೀಳುತ್ತದೋ ಇಲ್ಲವೋ ಎಂದು ಮಾತಾಡಿ ಎದ್ದು ಹೋಗುತ್ತಾನೆ. ಅಂಥವರಲ್ಲೆಲ್ಲ ಮಹಾಪುರುಷ ವಿಲ್ಲಿ ಪೆರ್ನು.

ರೈಲು ನಿಲ್ದಾಣದ ಹಿಂದಿನ ಕಾರ್ಖಾನೆಯಲ್ಲಿ ಅವನು ಇಡೀ ಜೀವಮಾನ ಮಾಡಿದ್ದು ಒಂದೇ ಕೆಲಸ. ಆಟೊಮ್ಯಾಟಿಕ್ ವಾಚಿನ ಬೆನ್ನಿಗೆ ತೂಕದ ಬಿಲ್ಲೆ ಕೂರಿಸುವುದು. ಕಟ್ಟಿಕೊಂಡವರ ಕೈ ಆಡಿದಂತೆಲ್ಲ ಆ ಬಿಲ್ಲೆ ತಿರುಗುತ್ತದೆ, ಬಿಲ್ಲೆ ತಿರುಗಿದಂತೆಲ್ಲ ವಾಚಿಗೆ ತಾನಾಗಿಯೇ ಕೀ ಏರುತ್ತದೆ. ಕೈ ಸುಮ್ಮನಾದರೆ ಒಂದೂವರೆ ದಿನ ಓಡಿ ನಿಂತುಬಿಡುತ್ತದೆ. ಇದು ನಮ್ಮೂರಿನ ಮೂಗು ಸೋರುವ ಮಕ್ಕಳಿಗೂ ಗೊತ್ತು. ಹೀಗೆ ಲೋಕದ ಕೈಗಳಿಗೆಲ್ಲ ವಾಚು ಮಾಡಿ ಕಳಿಸಿದ ವಿಲ್ಲಿಯ ಮಣಿಕಟ್ಟು ಮಾತ್ರ ಬೋಳು. ಕೆಲಸದ ಬೆಂಚಿನಲ್ಲಿ ವಾಚು ಕಟ್ಟಿಕೊಂಡು ಕೂರುವಂತಿರಲಿಲ್ಲ, ಅವನ ಕೈಯಿಂದ ದಾಟಿ ಹೋಗುತ್ತಿದ್ದ ವಾಚುಗಳ ಬೆಲೆಯೋ ಅವನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ನನಗೆ ನಿಲುಕುವಂಥದ್ದು ಒಂದನ್ನು ಆರಿಸಿ ಕೊಳ್ಳುತ್ತೇನೆ ಎನ್ನುತ್ತಿದ್ದ.

ಆರಿಸಲು ಶುರು ಮಾಡಿದವನು ಒಂದು ವರ್ಷ ಆರಿಸಿದ. ಶನಿವಾರ ಸಂತೆ ಮುಗಿಸಿ, ಚೀಲದಲ್ಲಿ ಈರುಳ್ಳಿಸೊಪ್ಪು ಮತ್ತು ಸಾಸೇಜು ಹಿಡಿದುಕೊಂಡು ಹೆಂಡತಿ ಇರೇನ್ ಜೊತೆ ಬರುತ್ತಿದ್ದ. ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿದವಳು, ಕಡ್ಡಿಯಂಥ ಹೆಂಗಸು, ಬಾಗಿಲ ಹತ್ತಿರದ ಕುರ್ಚಿ ಹಿಡಿದು ಕೂರುತ್ತಿದ್ದಳು.

"ಇದರ ಹೊಟ್ಟೇಲಿರೋದೂ ಅದರ ಹೊಟ್ಟೇಲಿರೋದೂ ಒಂದೇ ಯಂತ್ರ, ಲಿಲಿಯಾನ್. ಮೇಲೆ ಬರೆದಿರೋ ಹೆಸರಿಗೆ ಸಾವಿರ ಫ್ರಾಂಕ್ ಹೆಚ್ಚು ಕೊಡೋಕೆ ನನಗೇನು ಹುಚ್ಚಾ?" ಎಂದು ವಿಲ್ಲಿ ನನ್ನನ್ನು ಕೇಳುತ್ತಿದ್ದ.

"ಕೊಡ್ಬೇಡ ಮಾರಾಯ. ಕಡಿಮೇದೇ ತಗೋ."

"ಇದರಲ್ಲಿ ತಾರೀಕಿದೆ."

"ಇದ್ರೆ ಏನು, ಕಚ್ಚುತ್ತಾ?"

"ಕೆಲಸ ಬಿಟ್ಟೋನಿಗೆ ತಾರೀಕು ಯಾಕೆ ಬೇಕು? ಅದೂ ಅಲ್ದೆ ಹಿಂದುಗಡೆ ಗಾಜಿಲ್ಲ. ಬಿಲ್ಲೆ ತಿರುಗೋದು ನನಗೆ ಕಾಣ್ಬೇಕು."

ಇರೇನ್ ಕುರ್ಚಿಯಿಂದಲೇ ಅಂದಳು, "ನನ್ನ ಮದುವೆ ಆಗೋಕೆ ಇವ್ನು ಇಷ್ಟು ಯೋಚ್ನೆ ಮಾಡ್ಲಿಲ್ಲ ನೋಡು. ಒಂದು ಭಾನುವಾರದಲ್ಲಿ ಮುಗಿಸಿದ್ದ."

"ನಿನ್ನ ಹಿಂದಿನ ಮುಚ್ಚಳ ತೆಗೆದು ನೋಡೋ ಹಾಗಿರಲಿಲ್ವಲ್ಲೇ" ಎಂದ ವಿಲ್ಲಿ. ನಾನು ನಗು ತಡೆಯಲಾರದೆ ಒಳಗೆ ಹೋದೆ.

ಕೊನೆಗೂ ಒಂದು ಒಪ್ಪಿಗೆಯಾಯಿತು. ಬಿಳಿ ಡಯಲು, ಮೂರೇ ಮುಳ್ಳು, ಕಂದು ಚರ್ಮದ ಬೆಲ್ಟು, ಹಿಂದೆ ಗಾಜು, ಬೆಲೆ ಆರುನೂರು ಚಿಲ್ಲರೆ ಫ್ರಾಂಕು. ನಿಜ ಹೇಳಬೇಕೆಂದರೆ ಆ ಬೆಲೆಗೆ ಅದಕ್ಕಿಂತ ಪ್ರಾಮಾಣಿಕವಾದ ವಾಚು ನನ್ನ ಅಂಗಡಿಯಲ್ಲಿ ಇರಲಿಲ್ಲ. ಕಟ್ಟಿಕೊಂಡು, ಹೆಂಡತಿಯ ಕಡೆ ತಿರುಗಿ, ಪಕ್ಕದ ಕೀ ಗುಂಡಿ ತೋರಿಸಿದ. "ಇದನ್ನ ಮಾತ್ರ ಮುಟ್ಟಬೇಡ ಕಣೇ. ಬೆರಳಲ್ಲಿ ಕೀ ಕೊಟ್ಟು ಕೊಟ್ಟು ಒಳಗಿನ ಹಲ್ಲು ಸವೀತದೆ. ಆಟೊಮ್ಯಾಟಿಕ್ ಅಂದ್ರೆ ಅದು ಕೈಯಿಂದಲೇ ಬದುಕಬೇಕು."

"ನಿನ್ನ ವಾಚು, ನಿನ್ನ ಕೈ. ನನಗ್ಯಾಕೆ ಅದರ ಉಸಾಬರಿ?" ಅಂದಳು ಅವಳು.

ಬೀದಿಯಲ್ಲಿ ಅವನು ಎಡಗೈಯನ್ನು ಸಿಪಾಯಿಯಂತೆ ಬೀಸುತ್ತಾ ಹೋದ. ಎದುರು ಬಂದವರೆಲ್ಲ ನಕ್ಕರು.

ಅದೇ ಡಿಸೆಂಬರಿನಲ್ಲಿ, ಮನೆ ಮುಂದಿನ ಹಿಮ ಎತ್ತಿ ಹಾಕುತ್ತಿದ್ದಾಗ, ವಿಲ್ಲಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಬರುವ ಹೊತ್ತಿಗೆ ಮಾತು ದಪ್ಪಗಾದರೂ ತಿರುಗಿ ಬಂದಿತ್ತು, ಕಾಲು ಊರುಗೋಲಿನ ಮೇಲೆ ಎಳೆದಾಡುತ್ತಿತ್ತು. ಕೈ ಮಾತ್ರ ಮಡಿಲಲ್ಲಿ ಬಿದ್ದಿರುತ್ತಿತ್ತು. ವಸಂತದೊಳಗೆ ಒಂದು ಬೆರಳಾದರೂ ಅಲ್ಲಾಡಬೇಕು, ಇಲ್ಲದಿದ್ದರೆ ಆ ಕೈಯ ಆಸೆ ಬಿಡಿ ಎಂದು ಡಾಕ್ಟರು ಇಬ್ಬರಿಗೂ ಹೇಳಿ ಕಳಿಸಿದ್ದರು.

ಮನೆಗೆ ಬಂದವನು ಮೊದಲು ಕೇಳಿದ್ದು ವಾಚು. ಬಲಗೈಯಲ್ಲಿ ಹಿಡಿದು ಚೆನ್ನಾಗಿ ಅಲ್ಲಾಡಿಸಿ ಓಡಿಸಿದ. ಇರೇನ್ ಬಲಗೈಗೆ ಕಟ್ಟಲು ಹೋದಳು.

"ಅದು ಆಡೋದು ನನಗೇ ಕಾಣುತ್ತೆ. ಎಡಗೈಗೆ ಕಟ್ಟು. ಅದರ ಸಮಾಚಾರ ವಾಚು ಹೇಳ್ಲಿ."

ವಾಚು ಹೇಳಿತು. ಮಾರನೆಯ ದಿನ ಕಳೆದು ಬೆಳಿಗ್ಗೆ ಮುಳ್ಳು ನಿಂತಿತ್ತು. ಆ ದಿನ ವಿಲ್ಲಿ ಸೂಪು ಮುಟ್ಟಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಇರೇನ್ ಅಂಗಡಿಗೆ ಬಂದು ಇದನ್ನು ಹೇಳಿದಳು. ನಾನೇನು ಸಮಾಧಾನ ಹೇಳಲಿ? ವಾಚು ಸರಿಯಾಗಿಯೇ ಕೆಲಸ ಮಾಡಿತ್ತು.

ಆದರೆ ಮುಂದಿನ ವಾರ ನಾನು ನೋಡಲು ಹೋದಾಗ ವಾಚು ಓಡುತ್ತಿತ್ತು. ವಿಲ್ಲಿಯ ಮುಖ ದೀಪ ಹಚ್ಚಿದ ಹಾಗಿತ್ತು.

"ನೋಡಿದ್ಯಾ? ಅವತ್ತು ಮತ್ತೆ ಅಲ್ಲಾಡಿಸಿ ಕಟ್ಟಿಸ್ಕೊಂಡ ಮೇಲೆ ನಿಂತೇ ಇಲ್ಲ. ನಿದ್ದೇಲಿ ಕೈ ಆಡ್ತಿದೆ, ನನಗೆ ತಿಳೀತಿಲ್ಲ ಅಷ್ಟೆ."

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಹಾಗೆಲ್ಲ ಆಗುವುದಿಲ್ಲ ಎಂದಳು. ನೀನು ಎಲ್ಲಿಯವಳಮ್ಮ ಎಂದು ಕೇಳಿದ. ಕೆಳಗೆ ಕೆರೆ ದಂಡೆಯ ಲೊಸಾನ್ ಅಂದಳು. "ಅದಕ್ಕೇ ಮತ್ತೆ. ಕೆರೆ ದಂಡೆಯವರಿಗೆ ವಾಚಿನ ವಿಷಯ ಏನು ಗೊತ್ತು?"

ನಾನೂ ನಂಬಿದೆ. ವಾಚು ಮಾರಿಯೇ ಹಣ್ಣಾದವಳು ನಾನು, ವಾಚು ಓಡುತ್ತಿದ್ದರೆ ಕೈ ಆಡುತ್ತಿದೆ ಎಂದೇ ನನಗೂ ಅರ್ಥ. ಊರೆಲ್ಲ ನಂಬಿತು. ಕಾರ್ಖಾನೆಯ ಹಳಬರು ಬಂದು ಹಿಂಬದಿಯ ಗಾಜಿನಲ್ಲಿ ಬಿಲ್ಲೆ ನೋಡಿ ತಲೆದೂಗಿ ಹೋದರು. ವಿಲ್ಲಿ ದಿನವೂ ಎಡಗೈಯನ್ನು ಮೇಜಿನ ಮೇಲಿಟ್ಟು, ಬಲಗೈಯಿಂದ ಅದನ್ನು ತಳ್ಳುತ್ತಾ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ, ಅಂಗಿ ತೋಯುವಷ್ಟು ಬೆವರುತ್ತಿದ್ದ. ಹಲ್ಲು ಕಚ್ಚಿಕೊಂಡು ಮಾಡುತ್ತಿದ್ದ. ಇರೇನ್ ಒಲೆಯ ಹತ್ತಿರ ನಿಂತು ನೋಡುತ್ತಿದ್ದಳು, ಯಾಕೋ ಅವಳ ಮುಖದಲ್ಲಿ ಮಾತ್ರ ಗೆಲುವು ಕಾಣುತ್ತಿರಲಿಲ್ಲ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಹಿತ್ತಿಲ ಬಾಗಿಲು ತೆಗೆದೆ. ಅವರ ಮನೆಯ ಅಂಗಳ ನನ್ನ ಹಿತ್ತಿಲಿಗೇ ಅಂಟಿಕೊಂಡಿದೆ. ಇರೇನ್ ಕಬ್ಬಿಣದ ಕಂಬಿಗೆ ಜಮಖಾನ ಹಾಕಿ ಬಡಿಯುತ್ತಿದ್ದಳು. ಎಡಗೈಯಲ್ಲಿ ಬಡಿಯುತ್ತಿದ್ದಳು. ಎಡಚಿಯಲ್ಲ ಅವಳು, ಏಟು ಅಡ್ಡಾದಿಡ್ಡಿ ಬೀಳುತ್ತಿತ್ತು. ತೋಳು ಮೇಲೆದ್ದಾಗ ಮಣಿಕಟ್ಟಿನಲ್ಲಿ ಆ ಬಿಳಿ ಡಯಲು ಕಂಡಿತು.

ಹತ್ತಿರ ಹೋದೆ. ಅವಳು ಕೈಯನ್ನು ಬೆನ್ನ ಹಿಂದೆ ಮಾಡಿದಳು, ಆಮೇಲೆ ತಾನೇ ಮುಂದಕ್ಕೆ ತಂದಳು.

"ಒದ್ದೆ ಆಗುತ್ತೆ ಅಂತ ಹೇಳಿ ಅವನ ಮೈ ಒರೆಸುವಾಗ ಬಿಚ್ಕೋತೀನಿ. ಊಟದ ಹೊತ್ತಿಗೆ ಅವನ ಕೈಗೆ ಕಟ್ಬಿಡ್ತೀನಿ. ಅಷ್ಟರೊಳಗೆ ನೆಲ ಒರೆಸ್ತೀನಿ, ಬಟ್ಟೆ ತಿಕ್ತೀನಿ, ಎಲ್ಲಾ ಈ ಕೈಯಲ್ಲೇ. ಗುಂಡಿ ಮುಟ್ಟಿಲ್ಲ ಲಿಲಿಯಾನ್, ದೇವರಾಣೆ."

ಬೆಲ್ಟಿನಲ್ಲಿ ಹೊಸದೊಂದು ತೂತಿತ್ತು. ಅವಳ ಕಡ್ಡಿ ಕೈಗೆ ಹೊಂದಿಸಲು ಹೆಣಿಗೆಯ ಸೂಜಿ ಕಾಯಿಸಿ ಚುಚ್ಚಿಕೊಂಡಿದ್ದಳು. ಉಳಿದ ತೂತುಗಳ ಸಾಲಿನಿಂದ ಅದು ಸೊಟ್ಟಗೆ ಪಕ್ಕಕ್ಕೆ ಸರಿದಿತ್ತು.

"ಹೀಗೆ ಎಷ್ಟು ದಿನ ಅಂತ ಮಾಡ್ತೀಯ?" ನಾನು ಗದರಿದೆ.

"ವಸಂತದವರೆಗೆ. ಅಷ್ಟರಲ್ಲಿ ಕೈ ಬಂದ್ರೆ ನನ್ನ ಸುಳ್ಳು ನಿಜ ಆಗುತ್ತಲ್ಲ."

"ಬರದಿದ್ರೆ?"

ಕೋಲೆತ್ತಿಕೊಂಡು ಮತ್ತೆ ಬಡಿಯತೊಡಗಿದಳು. ಜಮಖಾನದಲ್ಲಿ ಧೂಳು ಎಂದೋ ಮುಗಿದಿತ್ತು. ನಾನು ಒಳಗೆ ಬಂದು ಅತ್ತೆ. ಅವಳ ಮೇಲೆ ಸಿಟ್ಟೂ ಬಂತು, ಹೀಗಲ್ಲದೆ ಇನ್ನೇನು ಮಾಡಬೇಕಿತ್ತು ಎಂದೂ ಅನ್ನಿಸಿತು.

ವಸಂತ ಬಂತು. ಬೆಟ್ಟದ ಹುಲ್ಲುಗಾವಲಿನಲ್ಲಿ ಹಳದಿ ಹೂವು ತುಂಬಿತು. ಬೆರಳು ಅಲ್ಲಾಡಲಿಲ್ಲ. ಒಂದು ಭಾನುವಾರ ಇರೇನ್ ನನ್ನನ್ನು ಊಟಕ್ಕೆ ಕರೆದಳು. ಅವಳು ಅಡುಗೆಮನೆಯಲ್ಲಿ ಸಾಸೇಜು ಹೆಚ್ಚುತ್ತಿದ್ದಾಗ ವಿಲ್ಲಿ ನನ್ನನ್ನು ಹತ್ತಿರ ಕರೆದ. ಬಲಗೈ ಬೆರಳಿಂದ ಬೆಲ್ಟಿನ ಬಾಲ ಎತ್ತಿ ತೋರಿಸಿದ.

"ಈ ತೂತು ನೀನು ಹಾಕಿದ್ದಾ?"

ಇಲ್ಲವೆಂದು ತಲೆಯಾಡಿಸಿದೆ.

"ಗೊತ್ತಿತ್ತು. ನೀನಾಗಿದ್ರೆ ನೆಟ್ಟಗೆ ಹಾಕಿರ್ತಿದ್ದೆ." ತೂತಿನ ಬಳಿ ಚರ್ಮ ದಿನವೂ ಮಡಿಸಿ ಮಡಿಸಿ ಗೆರೆ ಬಿದ್ದಿತ್ತು. ಅದನ್ನು ಉಗುರಿನಿಂದ ಸವರಿದ. "ಇಷ್ಟು ದಿನ ಬರೀ ಮುಳ್ಳು ನೋಡ್ತಿದ್ದೆ. ಬೆಲ್ಟು ನೋಡ್ಲೇ ಇಲ್ಲ ನೋಡು, ನಾನೆಂಥಾ ಪೆದ್ದ."

"ಅವಳ ಮೇಲೆ ಸಿಟ್ಟು ಮಾಡ್ಕೋಬೇಡ ವಿಲ್ಲಿ."

"ಸಿಟ್ಟಾ?" ಅವನ ಕಣ್ಣು ತುಂಬಿತ್ತು. "ನಾನು ಈ ಮೇಜಿನ ಮೇಲೆ ಒದ್ದಾಡೋದನ್ನ ಅವಳು ದಿನಾ ಅಲ್ಲಿ ನಿಂತು ನೋಡಿದ್ದಾಳೆ. ಎಲ್ಲಾ ಗೊತ್ತಿದ್ದೂ ನೋಡಿದ್ದಾಳೆ. ಅವಳಿಗೆ ಹೇಗಾಗಿರಬೇಡ?"

ಆಮೇಲೆ ಬಲಗೈ ಉಗುರನ್ನು ಕೀ ಗುಂಡಿಯ ಕೆಳಗೆ ತೂರಿಸಿ ಹೊರಕ್ಕೆ ಎಳೆದ. ಸೆಕೆಂಡಿನ ಮುಳ್ಳು ಇದ್ದಲ್ಲೇ ನಿಂತಿತು.

ಇರೇನ್ ತಟ್ಟೆ ಹಿಡಿದು ಬಂದಳು.

"ವಾಚು ನಿಂತಿದೆ ಕಣೇ" ಎಂದ ವಿಲ್ಲಿ.

ಅವಳು ವಾಚು ನೋಡಿದಳು, ಮೇಲೆತ್ತಿಟ್ಟಿದ್ದ ಬೆಲ್ಟಿನ ಬಾಲ ನೋಡಿದಳು, ನನ್ನ ಮುಖ ನೋಡಿದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಗುಂಡಿ ನಾನು ಮುಟ್ಟಿಲ್ಲ" ಎಂದಳು.

"ಗೊತ್ತು. ನಾನೇ ಎಳೆದೆ. ಇನ್ನು ಸಾಕು ಕಣೇ. ನಿನ್ನ ಕೈಗಾದ್ರೂ ಬಿಡುವು ಬೇಡ್ವಾ?"

ಅವಳು ಅವನ ಪಕ್ಕದಲ್ಲಿ ಕುಸಿದು ಕೂತು, ಆ ಸತ್ತ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು. ಕೈಗೆ ಅದೂ ತಿಳಿಯಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಯಾರೂ ತಿನ್ನಲಿಲ್ಲ.

ವಿಲ್ಲಿ ಆಮೇಲೆ ಕೈಯನ್ನು ಮೇಜಿನ ಮೇಲೆ ಇಡಲೇ ಇಲ್ಲ. ಲೊಸಾನಿನ ಹೆಂಗಸು ಬರುತ್ತಾಳೆ, ಅವನು ಕಿಟಕಿ ನೋಡುತ್ತಾ ಕೂರುತ್ತಾನೆ, ಅವಳು ಹೋಗುತ್ತಾಳೆ. ಯಾರಿಗಾದರೂ ಮಾರಿಬಿಡು ಎಂದು ಇರೇನ್ ವಾಚನ್ನು ನನಗೆ ತಂದುಕೊಟ್ಟಳು. ಕಡಿಮೆ ಬೆಲೆಯ ಒಳ್ಳೆ ಆಟೊಮ್ಯಾಟಿಕ್ ಕೇಳಿಕೊಂಡು ಜನ ಬರುತ್ತಲೇ ಇರುತ್ತಾರೆ. ನಾನು ಬೇರೆಯದನ್ನು ತೋರಿಸುತ್ತೇನೆ. ಅದು ಗುಂಡಿ ಹೊರಗೆಳೆದಂತೆಯೇ ನನ್ನ ಮೇಜಿನ ಡ್ರಾಯರಿನಲ್ಲಿದೆ.

ನಿನ್ನೆ ಹಿತ್ತಿಲ ಬಾಗಿಲು ತೆಗೆದಾಗ ಇರೇನ್ ಅಂಗಳದಲ್ಲಿದ್ದಳು. ಬೋಳು ಮಣಿಕಟ್ಟು. ಜಮಖಾನವನ್ನು ಇನ್ನೂ ಎಡಗೈಯಲ್ಲೇ ಬಡಿಯುತ್ತಿದ್ದಳು.