ಮಗುಚಿಟ್ಟ ಚಿತ್ರ

ಅವರ ಬಲಗೈ ಹೆಬ್ಬೆರಳು ಸದಾ ಕಂದು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ ಹೊಗೆಸೊಪ್ಪಿನ ಕಲೆ. ಪಿರಿಯಾಪಟ್ಟಣದ ಆ ಸೊಪ್ಪಿನ ಸಾಹುಕಾರರು ಎಲೆಯನ್ನು ತಿಕ್ಕಿ ನೋಡುವ ಹಾಗೆಯೇ ನನ್ನ ಕ್ಯಾನ್ವಾಸಿನ ಅಂಚನ್ನೂ ತಿಕ್ಕಿ ನೋಡಿ, ಇದು ಇಲ್ಲೇ ಇರಲಿ ಎಂದು ಕೊಂಡುಕೊಂಡಿದ್ದರು. ಆಕಾರವಿಲ್ಲದ ನನ್ನ ಬಣ್ಣಗಳನ್ನು ಕಂಡ ಹುಣಸೂರಿನ ನೆಂಟರು, ನಮ್ಮನೆ ಗೋಡೆಗೂ ಸುಣ್ಣ ಬಳಿದುಕೊಡು ಎಂದು ಕಿಚಾಯಿಸುತ್ತಿದ್ದ ಕಾಲ ಅದು.

ನನ್ನಂಥವರ ಚಿತ್ರಗಳನ್ನು ಕೊಂಡು ಮನೆ ತುಂಬಿಸಿದ್ದ ಸಾಹುಕಾರರು ಕೂತಲ್ಲಿ ಕೂರುವವರಲ್ಲ. ಮಾತಿನ ನಡುವೆಯೇ ಎದ್ದು, ಸ್ಟೂಲು ಎಳೆದು, ಹಜಾರದ ಚಿತ್ರವನ್ನು ಅಡುಗೆಮನೆಗೆ, ಅಡುಗೆಮನೆಯದನ್ನು ಮೆಟ್ಟಿಲ ಬಳಿಗೆ ಸಾಗಿಸುತ್ತಿದ್ದರು. ಗೋಡೆ ತುಂಬಾ ಮೊಳೆಯ ತೂತು. ಅವರ ಹೆಂಡತಿ ಸುತ್ತಿಗೆ ಬಚ್ಚಿಟ್ಟರೆ ಅಡಕೆ ಕುಟ್ಟುವ ಕಲ್ಲಿನಿಂದ ಹೊಡೆಯುತ್ತಿದ್ದರು. ಮೈಸೂರಿನಿಂದ ನೋಡಲು ಬಂದವರು ಹೋದ ಸಲ ಕಂಡ ಚಿತ್ರವನ್ನು ಮನೆಯೆಲ್ಲ ಹುಡುಕಬೇಕಿತ್ತು. ಹಾಗೆ ಬಂದವರಿಂದಲೇ ನಮ್ಮ ಕಡೆಯ ಒಂದಿಬ್ಬರು ಕಲಾವಿದರಿಗೆ ಪ್ರದರ್ಶನದ ದಾರಿ ತೆರೆಯಿತು.

ನನಗೆ ತೆರೆಯಲಿಲ್ಲ. ಬೇಸತ್ತು, ಇನ್ನು ಕುಂಚ ಮುಟ್ಟುವುದಿಲ್ಲ ಎಂದು ಹೇಳಿಬರಲು ಒಂದು ಬೆಳಿಗ್ಗೆ ಹೋದೆ. ನೋಡಿದರೆ ನನ್ನ ಚಿತ್ರ ತಲೆಕೆಳಗಾಗಿ ನೇತಾಡುತ್ತಿದೆ. ಬಂದ ಕೆಲಸ ಮರೆತು ರೇಗಿದೆ. ಅವರು ಸ್ಟೂಲಿನಿಂದ ಇಳಿಯಲೂ ಇಲ್ಲ.

"ಸೊಪ್ಪಿನ ಬೇಲು ಒಂದೇ ಮಗ್ಗುಲಲ್ಲಿ ಬಿದ್ದಿದ್ರೆ ಒಳಗೇ ಕಾವು ಇಡ್ದು ಕೆಡ್ತದೆ ಕಣಮ್ಮ. ಆಗಾಗ ಮಗುಚ್ಬೇಕು. ಅದ್ಕೇ ನಿನ್ನ ಚಿತ್ರಾನೂ ಮಗುಚ್ದೆ. ನೆಮ್ಮದಿ ಬೇಕಿದ್ರೆ ಕ್ಯಾಲೆಂಡರ್ ನೇತಾಕತಿದ್ದೆ ಬುಡು."

ಚಿತ್ರವೆಂದರೆ ಸೊಪ್ಪಿನ ಮೂಟೆಯೇ ಎಂದು ಗೊಣಗುತ್ತಾ ಬಸ್ಸು ಹತ್ತಿದೆ. ಆದರೆ ತಳದಲ್ಲಿ ತೆಪ್ಪಗೆ ಕೂತಿದ್ದ ನನ್ನ ಕಪ್ಪು ಬಣ್ಣ ಈಗ ಮೇಲಿಂದ ಬೀಳುವ ಹಾಗೆ ಕಂಡಿತ್ತಲ್ಲ, ಅದು ಕಣ್ಣಿನಿಂದ ಹೋಗಲೊಲ್ಲದು. ಮನೆಗೆ ಬಂದವಳೇ ಒಣಗಿ ಸೆಟೆದ ಕುಂಚಗಳನ್ನು ನೆನೆಹಾಕಿದೆ. ಬಿಡುತ್ತೇನೆಂದು ಅವರಿಗೆ ಹೇಳುವುದು ಹಾಗೇ ಉಳಿಯಿತು.

ಕಳೆದ ವರ್ಷ ಅವರು ತೀರಿಕೊಂಡರು. ಅವರ ಹೆಂಡತಿ ಆ ಚಿತ್ರವನ್ನು ನನ್ನ ಕೈಗಿತ್ತು, "ಇನ್ನು ಮಗುಚೋರು ಯಾರವ್ರೆ, ನೀನೇ ಇಟ್ಕೊ" ಎಂದರು. ಅಂಚಿನಲ್ಲಿ ಕಂದು ಹೆಬ್ಬೆರಳಿನ ಗುರುತಿತ್ತು. ಸ್ಟೂಲು ಎಳೆಯುವ ಸದ್ದಿಲ್ಲದ ಆ ಮನೆಯಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ನಾನಿನ್ನೂ ಚಿತ್ರ ಬರೆಯುತ್ತಿರುವುದು ಅವರಿಂದ. ಹೊಸದೊಂದು ಮುಗಿಯಿತು ಅನ್ನಿಸಿದ ದಿನ ನನಗೂ ಕೂರಲಾಗುವುದಿಲ್ಲ. ಎದ್ದು ಮಗುಚಿ ನೋಡುತ್ತೇನೆ. ಆಗಲೂ ನೆಮ್ಮದಿಯಾಗಿಯೇ ಕಂಡರೆ ಮತ್ತೆ ಕುಂಚ ನೆನೆಹಾಕುತ್ತೇನೆ.