ಫರೀದಾ ಬೇಗಂ ಕಂಡ ಹಳದಿ

ಚಿಕಾಗೊ ಸುತ್ತಲಿನ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಮೂವತ್ತೊಂದು ವರ್ಷ ರಕ್ತಪರೀಕ್ಷೆ ಮಾಡುತ್ತ ಬಂದ ವಿಜಾಪುರದ ಶ್ರೀಮತಿ ಫರೀದಾ ಬೇಗಂ ಅವರು 2009ರ ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ವೈದ್ಯವಿದ್ಯೆ ಮುಂದೆ ಸಾಗದಿದ್ದದ್ದು ಉಪಕರಣಗಳ ಕೊರತೆಯಿಂದ ಎಂದು ನಾವು ವೈದ್ಯರು ಹೇಳಿಕೊಳ್ಳುವುದುಂಟು. ಎಷ್ಟೋ ಸಲ ಅದನ್ನು ತಡೆದದ್ದು, ಹೇಳಿದವರು ಯಾರೆಂದು ನೋಡಿ ಕಿವಿ ಮುಚ್ಚಿಕೊಂಡವರು.

1999ರ ಫೆಬ್ರವರಿ. ಡೆಸ್ ಪ್ಲೇನ್ಸ್ ಬಳಿಯ ಆಸ್ಪತ್ರೆಯೊಂದರಲ್ಲಿ, ಸ್ಕೋಕಿಯ ರೇಣು ಅವರ ಎರಡು ದಿನದ ಮಗು ದಿಯಾಳ ರಕ್ತ ಸಕ್ಕರೆ ಪರೀಕ್ಷೆಗೆ ಬಂತು. ಯಂತ್ರದಲ್ಲಿ ತಿರುಗಿಸಿದ ಮೇಲೆ ಕೊಳವೆಯಲ್ಲಿ ಮೇಲೆ ನಿಂತ ತಿಳಿದ್ರವ, ಅಂದರೆ ಸೀರಮ್, ಅರಿಶಿನದ ನೀರಿನಂತಿತ್ತು. ಫರೀದಾ ಅವರಿಗೆ ಕಾಮಾಲೆಯ ಅನುಮಾನ ಬಂತು. ವೈದ್ಯರ ಆದೇಶವಿಲ್ಲದೆ ಅಳೆಯುವಂತಿರಲಿಲ್ಲವಾದ್ದರಿಂದ ಮಕ್ಕಳ ವಿಭಾಗದ ಮುಖ್ಯಸ್ಥರಿಗೇ ಫೋನ್ ಮಾಡಿದರು.

"ಸರ್, ಕೂಸಿನ ಸೀರಮ್ ಭಾಳ ಹಳದಿ ಐತ್ರಿ. ನಮ್ಮ ಮೈಬಣ್ಣದಾಗ ಅದು ಕಣ್ಣಿಗೆ ಕಾಣಂಗಿಲ್ಲ. ಒಂದು ಟೆಸ್ಟ್ ಆರ್ಡರ್ ಮಾಡ್ರಿ."

"ಇಪ್ಪತ್ತೈದು ವರ್ಷದಿಂದ ಮಕ್ಕಳನ್ನ ನೋಡ್ತಿದೀನಿ, ಫರೀದಾ. ಲ್ಯಾಬ್‌ನೋರೇ ಡಯಾಗ್ನೋಸ್ ಮಾಡೋದಾದ್ರೆ ನಾನ್ಯಾಕಿರ್ಬೇಕು?"

ಮೈಸೂರಿನ ಆ ಮಹಾಶಯರಿಗೆ ತಮ್ಮ ಕಣ್ಣಿನ ಮೇಲೆ ಬಲು ಹೆಮ್ಮೆ. ಮಗುವಿನ ಹಣೆಯನ್ನು ಬೆರಳಿನಿಂದ ಒತ್ತಿ ನೋಡಿ ಮನೆಗೆ ಕಳುಹಿಸಿದರು. ಅದಾದ ಮೂರನೆಯ ದಿನ ದಿಯಾ ಹಾಲು ಬಿಟ್ಟು, ಬೆನ್ನು ಸೆಟೆದು ವಾಪಸಾದಳು. ಕಾಮಾಲೆ ಮಿದುಳಿಗೇರಿತ್ತು. ಜೀವ ಉಳಿಯಿತು, ಕೇಳುವ ಶಕ್ತಿ ಉಳಿಯಲಿಲ್ಲ.

ಆಮೇಲೆ ಐದು ವರ್ಷ, ಎಲ್ಲ ಶಿಶುಗಳಿಗೂ ಈ ಪರೀಕ್ಷೆಯಾಗಲೆಂದು ಫರೀದಾ ಅವರು ವರ್ಷಕ್ಕೊಂದು ಮನವಿ ಬರೆದರು. ಒಪ್ಪಿದರೆ ತಪ್ಪೊಪ್ಪಿಕೊಂಡಂತಾದೀತೆಂದು ಮುಖ್ಯಸ್ಥರು ಐದನ್ನೂ ಡ್ರಾಯರಿನಲ್ಲಿಟ್ಟರು. ಫರೀದಾ ಅವರು ಮಾತ್ರ ಶನಿವಾರಗಳಂದು ಸ್ಕೋಕಿಗೆ ಡ್ರೈವ್ ಮಾಡಿ, ರೇಣು ಅವರ ಜೊತೆ ಕುಳಿತು ದಿಯಾಳಿಗಾಗಿ ಸನ್ನೆಭಾಷೆ ಕಲಿತರು. 2004ರಲ್ಲಿ ಮುಖ್ಯಸ್ಥರ ಸ್ಥಾನಕ್ಕೆ ಡಾ. ಲೀನಾ ಬಂದರು, ಬಂದ ತಿಂಗಳೇ ಪರೀಕ್ಷೆ ಕಡ್ಡಾಯವಾಯಿತು.

2006ರಲ್ಲಿ ಹಳೆಯ ಮುಖ್ಯಸ್ಥರ ಮೊಮ್ಮಗ ಅಲ್ಲಿಯೇ ಹುಟ್ಟಿದ. ಫರೀದಾ ಅವರು ತಾವೇ ಮಹಡಿ ಹತ್ತಿ ಬಂದು, "ನಂಬರ್ ನಾರ್ಮಲ್ ಐತ್ರಿ ಸರ್, ಹೆದರಬ್ಯಾಡ್ರಿ" ಎಂದರು. ಆ ದನಿಯಲ್ಲಿ ಎಳ್ಳಷ್ಟೂ ಕೊಂಕಿರಲಿಲ್ಲ. ಇದ್ದಿದ್ದರೆ ಅಜ್ಜನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಆ ಅಜ್ಜ ನಾನೇ. ಫೋನಿನ ಸಂಗತಿಯನ್ನು ರೇಣು ಅವರಿಗೆ ತಿಳಿಸುವುದನ್ನು ಫರೀದಾ ನನಗೇ ಬಿಟ್ಟಿದ್ದರು. ನಾನು ಹತ್ತು ವರ್ಷ ತೆಗೆದುಕೊಂಡೆ. ಈ ಲೇಖನವನ್ನು ಇಲ್ಲಿಯವರೆಗೆ ಬರೆದು, ಕಳೆದ ವಾರ ರೇಣು ಅವರ ಮನೆಗೆ ಹೋಗಿ ಓದಿ ಹೇಳಿದೆ. ರೇಣು ಪೂರ್ತಿ ಕೇಳಿ, ಎದ್ದು ಹೋಗಿ ಬಾಗಿಲು ತೆರೆದು ನಿಂತರು. ನಾನು ಹೊರಟೆ.

ಫರೀದಾ ಬೇಗಂ ಅವರು ನೂರ್ಕಾಲ ಬಾಳಲಿ, ಕಿರಿಯ ತಂತ್ರಜ್ಞರಿಗೆ ಕಲಿಸುತ್ತಲೇ ಇರಲಿ. ಆ ಕಿರಿಯರು ಫೋನ್ ಮಾಡಿದಾಗ, ಎತ್ತಿಕೊಂಡವರು ನನ್ನಂಥವರಾಗದಿರಲಿ.

ಡಾ. ವೆಂಕಟರಾಮು
ಡೌನರ್ಸ್ ಗ್ರೋವ್